ಗೇಣಾಳದ ಬೀಜ: ಮೆಸಾ ವರ್ಡೆಯಲ್ಲಿ ಕಂಡದ್ದು, ಕೇಳಿದ್ದು

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಂಚಾಲಕರು ಈ ಸಭೆಗೆ ನನ್ನನ್ನು ಆಹ್ವಾನಿಸಿದಾಗ "ಗೋವಿನಜೋಳದ ಬಗ್ಗೆ ನಾಲ್ಕು ಮಾತು ಹೇಳಿ" ಎಂದಿದ್ದರು. ಮಲೆನಾಡಿನ ಅಂಚಿನ ಮಳೆಯಾಶ್ರಿತ ಗದ್ದೆಗಳು ಒಂದೊಂದಾಗಿ ಜೋಳದ ಹೊಲಗಳಾಗುತ್ತಿರುವುದನ್ನು ಕಂಡವರಿಗೆ ಈ ವಿಷಯದ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಗೊಬ್ಬರದ ಪ್ರಮಾಣ, ಕೀಟನಾಶಕದ ಹೆಸರು, ಮಾರುಕಟ್ಟೆಯ ದರಗಳನ್ನು ಹೇಳುವವರು ಬೇರೆ ಬಹಳ ಜನರಿದ್ದಾರೆ. ನಾನು ಇಂದು ಬಹುದೂರದ, ಬಹುಹಿಂದಿನ ಊರೊಂದರ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ದಾರಿ ತಪ್ಪಿದಳೆಂದು ತಾವು ಭಾವಿಸಬಾರದು. ಅದೂ ಗೋವಿನಜೋಳದ ಕತೆಯೇ. ನಡುವೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಕೆಲವು ವರ್ಷಗಳ ಹಿಂದೆ ಮಣ್ಣಿನ ತೇವಾಂಶಕ್ಕೆ ಸಂಬಂಧಿಸಿದ ವಿಚಾರಗೋಷ್ಠಿಯೊಂದರ ನಿಮಿತ್ತ ಅಮೆರಿಕದ ಕೊಲರಾಡೋ ರಾಜ್ಯಕ್ಕೆ ಹೋಗಿದ್ದೆ. ಅಕ್ಕನ ಮಗ ಡೆನ್ವರ್ ನಗರದಲ್ಲಿ ಕಂಪ್ಯೂಟರ್ ಉದ್ಯೋಗಿ. ಗೋಷ್ಠಿ ಮುಗಿದ ಮೇಲೆ ಎರಡು ದಿನ ಉಳಿದಿತ್ತು. "ಚಿಕ್ಕಮ್ಮಾ, ಎಲ್ಲರೂ ನೋಡುವ ಜಲಪಾತ ನೋಡ್ತೀರಾ, ಇಲ್ಲ ಯಾವುದಾದರೂ ಹೊಲ ನೋಡ್ತೀರಾ?" ಎಂದು ನಗುತ್ತ ಕೇಳಿದ. ಏಳುನೂರು ವರ್ಷಗಳ ಹಿಂದೆ ಕೊನೆಯ ಬಾರಿ ಬಿತ್ತಿದ ಹೊಲ ನೋಡಬೇಕು ಎಂದೆ. ಪಾಪ, ಅವನು ಇಡೀ ದಿನ ಕಾರು ಓಡಿಸಿದ. ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನಕ್ಕೆ ನಾವು ತಲುಪಿದ್ದು ಹೀಗೆ.

ಮೆಸಾ ವರ್ಡೆ ಎಂಬುದು ಸ್ಪ್ಯಾನಿಷ್ ಹೆಸರು. ಹಸಿರು ಮೇಜು ಎಂದು ಅರ್ಥ. ಸಮುದ್ರಮಟ್ಟದಿಂದ ಸುಮಾರು ಏಳರಿಂದ ಎಂಟೂವರೆ ಸಾವಿರ ಅಡಿ ಎತ್ತರದಲ್ಲಿ, ದಕ್ಷಿಣಕ್ಕೆ ಸ್ವಲ್ಪ ಓರೆಯಾಗಿ ಇಳಿದ ವಿಶಾಲ ಪ್ರಸ್ಥಭೂಮಿ ಅದು. ಅದನ್ನು ಆಳವಾದ ಕಣಿವೆಗಳು ಬೆರಳುಗಳ ನಡುವಿನ ಸಂದುಗಳಂತೆ ಸೀಳಿವೆ. ಮೇಲೆ ಪಿನ್ಯನ್ ಪೈನ್ ಮತ್ತು ಜೂನಿಪರ್ ಎಂಬ ಗಿಡ್ಡ ಮರಗಳ ಕುರುಚಲು ಕಾಡು. ವರ್ಷಕ್ಕೆ ಬೀಳುವ ಒಟ್ಟು ಮಳೆ-ಹಿಮ ಸೇರಿ ಸುಮಾರು 450 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಒಳ್ಳೆಯ ವಾರದಲ್ಲಿ ಸುರಿಯುವಷ್ಟು! ಇಂತಹ ನೆಲದಲ್ಲಿ ಕ್ರಿ.ಶ. 550ರ ಸುಮಾರಿನಿಂದ 1300ಕ್ಕೆ ತುಸು ಮೊದಲಿನವರೆಗೆ, ಏಳು ನೂರು ವರ್ಷಗಳಿಗೂ ಹೆಚ್ಚು ಕಾಲ, ಒಂದು ಕೃಷಿಕ ಸಮಾಜ ಬದುಕಿತು. ಉದ್ಯಾನದ ಗಡಿಯೊಳಗೆ ಸುಮಾರು ಐದು ಸಾವಿರ ಪುರಾತನ ನೆಲೆಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಸುಮಾರು ಆರುನೂರು ಮಾತ್ರ ಬಂಡೆಯ ಪೊಟರೆಗಳೊಳಗೆ ಕಟ್ಟಿದ ಮನೆಗಳು. ಚಿತ್ರಪಟಗಳಲ್ಲಿ ಕಾಣುವುದು ಅವೇ. ಆದ್ದರಿಂದ ಆ ಜನ ಸದಾ ಬಂಡೆಯಲ್ಲೇ ಇದ್ದರೆಂದು ನಾವು ತಿಳಿದುಬಿಡುತ್ತೇವೆ. ವಾಸ್ತವದಲ್ಲಿ ಅವರು ಶತಮಾನಗಳ ಕಾಲ ಮೇಲಿನ ಬಯಲಿನಲ್ಲಿ, ಹೊಲಗಳ ಮಗ್ಗುಲಲ್ಲೇ ವಾಸವಾಗಿದ್ದವರು. ಪೊಟರೆಗೆ ಇಳಿದದ್ದು 1190ರ ದಶಕದ ನಂತರ. ಅಲ್ಲಿ ಕಳೆದದ್ದು ಮೂರು ನಾಲ್ಕು ತಲೆಮಾರು ಮಾತ್ರ.

ಅತ್ಯಂತ ದೊಡ್ಡ ಪೊಟರೆಮನೆಗೆ ಈಗ ಕ್ಲಿಫ್ ಪ್ಯಾಲೆಸ್ ಎಂದು ಹೆಸರು. ಅರಮನೆಯಲ್ಲ, ಊರು. ಸುಮಾರು 150 ಕೋಣೆಗಳು, ನೆಲದಡಿಯ ದುಂಡನೆಯ ಕಿವಾಗಳು ಇಪ್ಪತ್ತಕ್ಕೂ ಹೆಚ್ಚು. ವಾಸಿಸುತ್ತಿದ್ದವರು ನೂರು ಜನ ಇರಬಹುದು. ಅರಣ್ಯ ರಕ್ಷಕರ ಜೊತೆಯಲ್ಲೇ ಇಳಿಯಬೇಕು. ಕಿರಿದಾದ ಕಲ್ಲುಮೆಟ್ಟಿಲು, ಅನಂತರ ಮರದ ಏಣಿ. ನನ್ನ ಮೊಣಕಾಲು ಗೊಣಗುತ್ತಿತ್ತು. ಆ ಕಾಲದ ಜನರಿಗೆ ಏಣಿಯೂ ಎಲ್ಲೆಡೆ ಇರಲಿಲ್ಲ. ಬಂಡೆಯಲ್ಲಿ ಕೈಬೆರಳು, ಕಾಲ್ಬೆರಳು ಹಿಡಿಯುವಷ್ಟೇ ಕೊರೆದ ಕುಳಿಗಳಿವೆ. ಬೆನ್ನ ಮೇಲೆ ತೆನೆಯ ಹೊರೆ ಅಥವಾ ಕೂಸು ಹೊತ್ತು ಅವುಗಳನ್ನು ಹಿಡಿದು ಏರಿಳಿಯುತ್ತಿದ್ದರು. ಗೋಡೆಗಳ ಮಣ್ಣುಗಾರೆಯಲ್ಲಿ ಬೆರಳ ಗುರುತುಗಳು ಇಂದಿಗೂ ಸ್ಪಷ್ಟವಾಗಿವೆ. ಕಲ್ಲಿನ ಸಂದುಗಳಿಗೆ ಚಿಕ್ಕ ಚಿಕ್ಕ ಚಕ್ಕೆಗಳನ್ನು ಒತ್ತಿದ್ದಾರೆ. ಅನೇಕ ಕೋಣೆಗಳು ಒಬ್ಬರು ಕಾಲು ಚಾಚಿ ಮಲಗುವುದಕ್ಕೂ ಸಾಲದಷ್ಟು ಸಣ್ಣವು. ಅವು ಕಣಜಗಳು. ಬಂಡೆಯ ಅತಿ ಎತ್ತರದ ಅಂಚಿನಲ್ಲಿ, ಇಲಿ ಮತ್ತು ತೇವ ಎರಡೂ ತಲುಪದ ಕಡೆ, ಕಣಜಗಳ ಸಾಲೇ ಇದೆ. ಎರಡು ವರ್ಷದ ಕಾಳನ್ನು ಮುಂದಿಟ್ಟುಕೊಂಡು ಬದುಕುತ್ತಿದ್ದ ಜನರ ಊರು ಹೀಗಲ್ಲದೆ ಹೇಗಿದ್ದೀತು? ನಮ್ಮ ಹಳೆಯ ಮನೆಗಳ ಅಟ್ಟ, ಪಣತಗಳನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ಕಿವಾ ಬಗ್ಗೆ ಒಂದು ಮಾತು. ಮಾಡಿನ ನಡುವಣ ಕಂಡಿಯಿಂದ ಏಣಿ ಇಳಿದು ಒಳಗೆ ಹೋಗಬೇಕು; ಹೊಗೆಯೂ ಅದೇ ಕಂಡಿಯಿಂದ ಹೊರಗೆ. ನಡುವೆ ಒಲೆ. ಪಕ್ಕದ ಗೋಡೆಯಲ್ಲಿ ಹೊರಗಿನ ತಂಪು ಗಾಳಿಯನ್ನು ಕೆಳಗೆ ತರುವ ಕೊಳವೆ. ಕೊಳವೆಯ ಬಾಯಿಗೂ ಒಲೆಗೂ ನಡುವೆ ಚಿಕ್ಕದೊಂದು ಅಡ್ಡಗೋಡೆ: ಗಾಳಿ ನೇರವಾಗಿ ಬೆಂಕಿಗೆ ಬಡಿಯದೆ ಸುತ್ತಿ ಬರಲೆಂದು. ಮಲೆನಾಡಿನ ಎಷ್ಟೋ ಅಡುಗೆಮನೆಗಳಲ್ಲಿ ಹೆಂಗಸರು ಇಂದಿಗೂ ಹೊಗೆ ಕುಡಿಯುತ್ತಿರುವಾಗ ಆ ಅಡ್ಡಗೋಡೆಯ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತುಬಿಟ್ಟೆ. ನೆಲದಲ್ಲಿ ಒಂದು ಪುಟ್ಟ ರಂಧ್ರವೂ ಇರುತ್ತದೆ. ಮನುಷ್ಯರು ಕೆಳಲೋಕದಿಂದ ಈ ಲೋಕಕ್ಕೆ ಹೊರಬಂದ ದ್ವಾರದ ಕುರುಹು ಅದು.

ನಮ್ಮ ಗುಂಪಿನಲ್ಲಿ ವಯಸ್ಸಾದ ತಾಯಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಇಳಿಯುವ ಮುನ್ನ ಅವರು ಚಿಕ್ಕ ಚೀಲದಿಂದ ಒಂದು ಚಿಟಿಕೆ ಜೋಳದ ಹಿಟ್ಟು ತೆಗೆದು ನೆಲಕ್ಕೆ ಉದುರಿಸಿ, ಏನೋ ಪಿಸುಗುಟ್ಟಿ, ಆಮೇಲೆ ಕಾಲಿಟ್ಟರು. ನಾನದನ್ನು ಗಮನಿಸಿದೆನಾದರೂ ಅರ್ಥ ಮಾಡಿಕೊಳ್ಳಲಿಲ್ಲ. ಕೆಳಗೆ ಗೋಡೆಗಳ ಮುಂದೆ ನಿಂತು, ಓದಿಕೊಂಡು ಬಂದ ಪಾಂಡಿತ್ಯವನ್ನೆಲ್ಲ ಸೇರಿಸಿ, ಅಕ್ಕನ ಮಗನಿಗೆ ಇಂಗ್ಲಿಷಿನಲ್ಲೇ ಹೇಳುತ್ತಿದ್ದೆ: "ಇಂತಹ ಊರನ್ನು ಕಟ್ಟಿದ ಜನಾಂಗ ಕಣ್ಮರೆಯಾಗಿ ಹೋಯಿತಲ್ಲ!" ಆ ತಾಯಿ ತಿರುಗಿ ನೋಡಿದರು. ಕೋಪವೇನೂ ಇರಲಿಲ್ಲ. "ನಾವು ಕಣ್ಮರೆಯಾಗಿಲ್ಲ. ನಮ್ಮ ಊರು ಇಲ್ಲಿಂದ ಕಾರಿನಲ್ಲಿ ಐದು ಗಂಟೆಯ ದಾರಿ. ಬೆಳಿಗ್ಗೆ ತಿಂಡಿ ತಿಂದು ಹೊರಟೆವು" ಎಂದರು.

ಇಪ್ಪತ್ತು ವರ್ಷ ಸಂಶೋಧನೆ ಮಾಡಿದವಳಿಗೆ ಇದಕ್ಕಿಂತ ಸರಳವಾದ ತಿದ್ದುಪಡಿ ಬೇರೆ ಸಿಕ್ಕಿರಲಿಲ್ಲ. ಆ ತಾಯಿ ನ್ಯೂ ಮೆಕ್ಸಿಕೋ ರಾಜ್ಯದ ರಿಯೊ ಗ್ರಾಂಡೆ ನದಿಯ ದಡದ ಪ್ವೆಬ್ಲೋ ಊರಿನವರು. ಪ್ವೆಬ್ಲೋ ಎಂದರೂ ಸ್ಪ್ಯಾನಿಷಿನಲ್ಲಿ ಊರು ಎಂದೇ. ನ್ಯೂ ಮೆಕ್ಸಿಕೋದಲ್ಲಿ ಇಂದಿಗೂ ಹತ್ತೊಂಬತ್ತು ಪ್ವೆಬ್ಲೋಗಳಿವೆ. ಅರಿಜೋನಾದಲ್ಲಿ ಹೋಪಿ ಜನರಿದ್ದಾರೆ. ಮೆಸಾ ವರ್ಡೆಯನ್ನು ತಮ್ಮ ಹಿರಿಯರ ನೆಲವೆಂದು ಹೇಳುವ ಸಮುದಾಯಗಳು ಇಪ್ಪತ್ತಕ್ಕೂ ಹೆಚ್ಚು. ಹಳೆಯ ಪುಸ್ತಕಗಳಲ್ಲಿ ಈ ಜನರನ್ನು 'ಅನಸಾಜಿ' ಎಂದು ಕರೆದಿರುವುದನ್ನು ತಾವು ಓದಿರಬಹುದು. ಅದು ನವಾಹೋ ಭಾಷೆಯ ಶಬ್ದ; 'ಶತ್ರುಗಳ ಪೂರ್ವಿಕರು' ಎಂಬಂತಹ ಅರ್ಥ. ನೆರೆಯವರು ಇಟ್ಟ ಆ ಹೆಸರನ್ನು ಪುರಾತತ್ತ್ವಜ್ಞರು ದಶಕಗಳ ಕಾಲ ಮುದ್ರಿಸಿದರು. ಈಗ 'ಪ್ವೆಬ್ಲೋ ಪೂರ್ವಿಕರು' ಎಂಬ ಹೆಸರು ಬಳಕೆಗೆ ಬಂದಿದೆ. ಹೋಪಿಗಳಿಗೆ ಇಂತಹ ನೆಲೆಗಳು ಪಾಳುಗಳೂ ಅಲ್ಲ. ಪೂರ್ವಿಕರು ಬೇಕೆಂದೇ ಬಿಟ್ಟುಹೋದ ಹೆಜ್ಜೆಗುರುತುಗಳು.

ಇನ್ನು ನೀರು. ಈ ಬಳಗದಲ್ಲಿ ನೀರಿನ ಮಾತಿಲ್ಲದೆ ಸಭೆ ಮುಗಿಯುವುದಿಲ್ಲವಲ್ಲ. ಮೇಲ್ಭಾಗದ ಬಂಡೆ ಮರಳುಗಲ್ಲು. ಹಿಮ ಕರಗಿದ ನೀರು ಅದರೊಳಗೆ ನಿಧಾನವಾಗಿ ಇಂಗುತ್ತದೆ. ಕೆಳಗೆ ನೀರು ಇಳಿಯಗೊಡದ ಜೇಡಿಗಲ್ಲಿನ ಪದರ. ಎರಡೂ ಕೂಡುವ ಕಡೆ ನೀರು ಅಡ್ಡಕ್ಕೆ ಸರಿದು ಹೊರಗೆ ಒಸರುತ್ತದೆ. ಆ ಒಸರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಂಡೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಬೀಳಿಸುತ್ತ ಪೊಟರೆಯನ್ನು ಕೊರೆಯುತ್ತದೆ. ಹೀಗೆ ಮನೆಗೆ ಜಾಗ ಮಾಡಿಕೊಟ್ಟದ್ದೂ ಕುಡಿಯಲು ಕೊಟ್ಟದ್ದೂ ಒಂದೇ ಒರತೆ. ಬಾಲ್ಕನಿ ಹೌಸ್ ಎಂಬ ಇನ್ನೊಂದು ನೆಲೆಯ ಹಿಂಭಾಗದಲ್ಲಿ ಆ ಒರತೆಯನ್ನು ಕಾಣಬಹುದು. ನಮ್ಮ ಗುಡ್ಡದ ಮನೆಗಳು ದಬ್ಬೆಯಲ್ಲಿ ನೀರು ತರುವ ಒರತೆಯ ತತ್ತ್ವವೂ ಇದೇ. ಮೇಲಿನ ನೆಲ ಕುಡಿದದ್ದನ್ನು ಕೆಳಗಿನ ಮನೆ ಕುಡಿಯುತ್ತದೆ.

ಆದ್ದರಿಂದ ಅವರು ಮೇಲಿನ ನೆಲವನ್ನು ಬಹಳ ಎಚ್ಚರಿಕೆಯಿಂದ ನೋಡಿಕೊಂಡರು. ಸಣ್ಣ ಹಳ್ಳಗಳಿಗೆಲ್ಲ ಅಡ್ಡವಾಗಿ ಒಣಕಲ್ಲಿನ ಒಡ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು. ಹಿಂದೆ ಹೂಳು ತುಂಬಿ ಪುಟ್ಟ ಪುಟ್ಟ ಹೊಲಗಳಾದವು. ಉದ್ಯಾನದಲ್ಲಿ ಇಂತಹ ಒಡ್ಡುಗಳು ಸಾವಿರಕ್ಕೂ ಮಿಕ್ಕಿ ಇವೆ. ಇನ್ನೊಂದು ವಿಚಿತ್ರ ಸಂಗತಿ: 1996ರಲ್ಲೂ 2000ದಲ್ಲೂ ಅಲ್ಲಿ ಭೀಕರ ಕಾಳ್ಗಿಚ್ಚು ಹಬ್ಬಿತು. ಕುರುಚಲು ಸುಟ್ಟುಹೋದ ಮೇಲೆ ಯಾರೂ ಅರಿಯದಿದ್ದ ನೂರಾರು ನೆಲೆಗಳು ಬಯಲಾದವು. ಅವುಗಳಲ್ಲಿ ಇಂತಹ ಒಡ್ಡುಗಳೂ ಇದ್ದವು. ನಾಲ್ಕು ಪುರಾತನ ಜಲಾಶಯಗಳನ್ನು ಅಮೆರಿಕದ ಸಿವಿಲ್ ಎಂಜಿನಿಯರರ ಸಂಘವು 2004ರಲ್ಲಿ ಐತಿಹಾಸಿಕ ನಿರ್ಮಾಣಗಳೆಂದು ಗೌರವಿಸಿತು. ಅವುಗಳಲ್ಲೊಂದಾದ ಫಾರ್ ವ್ಯೂ ಜಲಾಶಯವು ನೀರಿನದ್ದಲ್ಲ, ಆಚರಣೆಯ ಅಂಗಳ ಎಂದು 2014ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದರು. ಜಗಳ ಮುಗಿದಿಲ್ಲ. ಕೆರೆಯೂ ಹೌದು, ಪೂಜೆಯ ಸ್ಥಳವೂ ಹೌದು ಎನ್ನುವುದಕ್ಕೆ ಆ ಪಂಡಿತರಿಗೇಕೆ ಇಷ್ಟು ಕಷ್ಟವೋ ನಮ್ಮೂರಿನ ಕೆರೆಗಳನ್ನು ಕಂಡವಳಿಗೆ ತಿಳಿಯಲಿಲ್ಲ.

ಈಗ ಹೊಲಕ್ಕೆ ಬರೋಣ. ಅಲ್ಲಿನ ಮಣ್ಣು ಕೆಂಪು. ಸಾವಿರಾರು ವರ್ಷ ಗಾಳಿ ಹೊತ್ತು ತಂದು ಹಾಸಿದ ನಯವಾದ ಹುಡಿ. ಆ ಮಣ್ಣಿನ ಗುಣವೆಂದರೆ ಚಳಿಗಾಲದ ಹಿಮದ ನೀರನ್ನು ಆಳದಲ್ಲಿ ಹಿಡಿದಿಟ್ಟುಕೊಳ್ಳುವುದು. ಮೇ ತಿಂಗಳಲ್ಲಿ ಬಿತ್ತನೆ. ಮೇ, ಜೂನ್ ಅಲ್ಲಿ ಬಹುತೇಕ ಒಣ ತಿಂಗಳುಗಳು. ಬೇಸಿಗೆ ಮಳೆ ಬರುವುದು ಜುಲೈ ನಂತರ. ಆ ಮಳೆಗೆ ಅವರೂ ಮಾನ್ಸೂನ್ ಎಂದೇ ಕರೆಯುತ್ತಾರೆ! ಮೊಳಕೆಯಿಂದ ಮೊದಲ ಮಳೆಯವರೆಗೆ ಸುಮಾರು ಎರಡು ತಿಂಗಳು ಬೆಳೆ ಬದುಕುವುದು ನೆಲದಾಳದ ಹಿಮದ ನೀರಿನಿಂದಲೇ. ಮೇಲಿನ ನಾಲ್ಕು ಬೆರಳಿನ ಮಣ್ಣು ಆಗ ಬೂದಿಯಂತಿರುತ್ತದೆ.

ಹಾಗಾದರೆ ಬೀಜವನ್ನು ಎಲ್ಲಿ ಇಡಬೇಕು? ಹೋಪಿ ರೈತರು ಇಂದಿಗೂ ಚೂಪಾದ ಕೋಲಿನಿಂದ ಗೇಣಾಳ, ಕೆಲವೊಮ್ಮೆ ಒಂದಡಿ ಆಳ ತೋಡಿ, ತೇವದ ಮಣ್ಣು ಸಿಕ್ಕ ಮೇಲೆ ಅಲ್ಲಿ ಹತ್ತು ಹದಿನೈದು ಕಾಳು ಇಡುತ್ತಾರೆ. ಎರಡು ಮೂರು ಹೆಜ್ಜೆ ಬಿಟ್ಟು ಇನ್ನೊಂದು ಗುಳಿ. ಗಿಡಗಳು ಗುಂಪಾಗಿ ಪೊದೆಯಂತೆ ಬೆಳೆಯುತ್ತವೆ. ಹೊರಗಿನವು ಗಾಳಿಗೆ ಎದೆಯೊಡ್ಡಿ ಒಳಗಿನವನ್ನು ಕಾಯುತ್ತವೆ. ಸಾಲೂ ಇಲ್ಲ, ಗೊಬ್ಬರವೂ ಇಲ್ಲ, ನೀರಾವರಿಯೂ ಇಲ್ಲ. ಮೆಸಾ ವರ್ಡೆಯ ಸಮೀಪದ ಕಾರ್ಟೆಜ್ ಊರಿನ ಬಳಿ ಕ್ರೋ ಕ್ಯಾನ್ಯನ್ ಪುರಾತತ್ತ್ವ ಕೇಂದ್ರವಿದೆ. ಅಲ್ಲಿ 2008ರಿಂದ ಹೋಪಿ ರೈತರ ಮಾರ್ಗದರ್ಶನದಲ್ಲಿ ಇದೇ ಕ್ರಮದಿಂದ ಪ್ರಾಯೋಗಿಕ ಹೊಲಗಳನ್ನು ಬೆಳೆಸಿ ಪ್ರತಿವರ್ಷದ ತೇವ, ಬೆಳವಣಿಗೆ, ಇಳುವರಿಗಳನ್ನು ದಾಖಲಿಸಿದ್ದಾರೆ. ಪ್ರಾಚೀನ ಇಳುವರಿಯನ್ನು ಊಹಿಸಲು ಪುರಾತತ್ತ್ವಜ್ಞರು ರೈತರ ಬಳಿ ಪಾಠಕ್ಕೆ ಕುಳಿತದ್ದು ನನಗೆ ಬಹಳ ಇಷ್ಟವಾಯಿತು.

ಸಸ್ಯವಿಜ್ಞಾನದ ದೃಷ್ಟಿಯಿಂದ ಇದೊಂದು ಅಚ್ಚರಿ. ಜೋಳದ ಮೊಳಕೆಯಲ್ಲಿ ಬೀಜಕ್ಕೂ ಎಲೆಯ ಬುಡಕ್ಕೂ ನಡುವೆ ಮೀಸೊಕಾಟಿಲ್ ಎಂಬ ಬಿಳಿಯ ದಂಟಿನಂತಹ ಭಾಗವಿದೆ. ಅದು ಉದ್ದವಾಗುತ್ತ ಚಿಗುರನ್ನು ಮೇಲಕ್ಕೆ ತಳ್ಳುತ್ತದೆ. ನಾವು ಬಿತ್ತುವ ಸಾಮಾನ್ಯ ತಳಿಗಳಲ್ಲಿ ಅದರ ಶಕ್ತಿ ಅಲ್ಪ. ಬೀಜವನ್ನು ಬಹಳ ಆಳಕ್ಕೆ ಹಾಕಿದರೆ ಚಿಗುರು ಮಣ್ಣೊಳಗೇ ಎಲೆ ಬಿಚ್ಚಿ ಮುದುಡಿ ಸಾಯುತ್ತದೆ. ಹೋಪಿ ಜೋಳದಲ್ಲಿ ಅದು ಒಂದು ಅಡಿಯಷ್ಟು ಉದ್ದ ಬೆಳೆಯಬಲ್ಲದು. ಜೊತೆಗೆ ಬೀಜದಿಂದ ಹಲವು ಬೇರುಗಳು ಹೊರಟು ಚದುರುವ ಬದಲು ಒಂದೇ ದೊಡ್ಡ ಬೇರು ನೇರ ಕೆಳಗೆ ತೇವವನ್ನು ಅರಸಿ ಇಳಿಯುತ್ತದೆ. ಜಿ. ಎನ್. ಕಾಲಿನ್ಸ್ ಎಂಬ ವಿಜ್ಞಾನಿ ಇದನ್ನು 1914ರಲ್ಲೇ ಪ್ರಕಟಿಸಿದ್ದರು. ನಾನು ಆ ಪ್ರಬಂಧವನ್ನು ಓದಿದ್ದು ನನ್ನ ಡಾಕ್ಟರೇಟ್ ಮುಗಿದು ಎಷ್ಟೋ ವರ್ಷಗಳ ನಂತರ.

ತಪ್ಪೊಪ್ಪಿಗೆ ಇಲ್ಲಿಯೇ ಬರಬೇಕು. ಉದ್ಯೋಗದ ಆರಂಭದ ದಿನಗಳಲ್ಲಿ ನಾನು ಸಂಸ್ಥೆಯೊಂದರ ಪರವಾಗಿ ಮಳೆನೆರಳಿನ ಅಂಚಿನ ಒಂದು ಹಳ್ಳಿಯಲ್ಲಿ ಹೈಬ್ರಿಡ್ ಗೋವಿನಜೋಳದ ಪ್ರಾತ್ಯಕ್ಷಿಕೆ ನಡೆಸಿದ್ದೆ. ಬೀಜ ನಮ್ಮದು, ಶಿಫಾರಸು ನಮ್ಮದು: ಮೊದಲ ಹದ ಮಳೆಗೆ, ನಾಲ್ಕರಿಂದ ಐದು ಸೆಂಟಿಮೀಟರ್ ಆಳ. ಹಿರಿಯ ರೈತರೊಬ್ಬರು ಹದ ನೋಡಲು ಮಣ್ಣನ್ನು ಕೈಯಲ್ಲಿ ಉಂಡೆ ಕಟ್ಟಿ, "ತಂಗೀ, ಮಳೆ ಹಿಂದೆಗೆಯೋ ಹಾಗಿದೆ. ಒಂದಿಷ್ಟು ಆಳಕ್ಕೆ ಹಾಕಿದರೆ ಹೇಗೆ?" ಎಂದು ಕೇಳಿದರು. ಬೇಡ, ಹುಟ್ಟುವುದಿಲ್ಲ ಎಂದೆ. ಆ ಉತ್ತರ ತಪ್ಪಾಗಿರಲಿಲ್ಲ. ಆ ಬೀಜ ಆಳದಿಂದ ಹುಟ್ಟುತ್ತಿರಲಿಲ್ಲ. ಬಿತ್ತಿದ ಮೇಲೆ ಮೂರು ವಾರ ಮಳೆ ಬರಲಿಲ್ಲ. ಹುಟ್ಟಿದ ಸಸಿ ಹುಟ್ಟಿದ ಹಾಗೆಯೇ ಒಣಗಿತು. ಮತ್ತೆ ಬಿತ್ತಲು ಅವರ ಮನೆಯಲ್ಲಿ ಬೀಜವಿರಲಿಲ್ಲ. ಹಳೆಯ ಬೀಜವನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲವೆಂದು ಹಿಂದಿನ ವರ್ಷ ಹೇಳಿದವಳೂ ನಾನೇ. ಅಂಗಡಿಯಿಂದ ಸಾಲ ತಂದು ಎರಡನೆಯ ಬಾರಿ ಬಿತ್ತಿದರು. ನಮ್ಮ ವರದಿಯಲ್ಲಿ ಆ ತಾಕನ್ನು 'ಹವಾಮಾನ ವೈಪರೀತ್ಯದಿಂದ ಪರಿಗಣಿಸಿಲ್ಲ' ಎಂದು ಬರೆದು ಮುಗಿಸಿದೆವು. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು. ಆಳದಿಂದ ಹುಟ್ಟುವ ಬೀಜ ಎಲ್ಲಾದರೂ ಇದೆಯೇ ಎಂಬುದು. ಆ ರೈತರು ಬಹುಶಃ ಅದನ್ನೇ ಕೇಳುತ್ತಿದ್ದರು.

ಇಷ್ಟು ಜಾಣ ಬೀಜವನ್ನು ಇಟ್ಟುಕೊಂಡವರು ಊರನ್ನು ಏಕೆ ಬಿಟ್ಟರು? ಉತ್ತರದ ಮೊದಲ ಭಾಗವನ್ನು ಕೊಟ್ಟವನು ಒಬ್ಬ ಖಗೋಳಶಾಸ್ತ್ರಜ್ಞ. ಅರಿಜೋನಾದ ಎ. ಇ. ಡಗ್ಲಸ್ ಸೂರ್ಯನ ಕಲೆಗಳ ಆವರ್ತನವನ್ನು ಮರದ ಉಂಗುರಗಳಲ್ಲಿ ಹುಡುಕಲು ಹೊರಟವನು. ಮಳೆ ಚೆನ್ನಾಗಿದ್ದ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಜೀವಂತ ಮರದಿಂದ ಹಿಂದಕ್ಕೆ ಎಣಿಸುತ್ತ, ಹಳೆಯ ಮನೆಗಳ ತೊಲೆಗಳ ಉಂಗುರಗಳನ್ನು ಅದಕ್ಕೆ ಜೋಡಿಸುತ್ತ ಹೋದ. ನಡುವೆ ಒಂದು ಕೊಂಡಿ ಮಾತ್ರ ಸಿಗಲೊಲ್ಲದು. 1929ರ ಜೂನ್ ತಿಂಗಳಲ್ಲಿ ಅರಿಜೋನಾದ ಷೋ ಲೋ ಎಂಬ ಊರಿನಲ್ಲಿ ಸುಟ್ಟು ಕರಕಲಾದ ಒಂದು ತೊಲೆಯ ತುಂಡು ಆ ಕೊಂಡಿಯನ್ನು ಜೋಡಿಸಿತು. ಅಂದಿನಿಂದ ಈ ಊರುಗಳ ಒಂದೊಂದು ತೊಲೆಯನ್ನೂ ಕಡಿದ ವರ್ಷ ಸಹಿತ ಹೇಳಬಹುದಾಯಿತು. ಮೆಸಾ ವರ್ಡೆಯಲ್ಲಿ 1270ರ ದಶಕದ ಕೊನೆಯ ಹೊತ್ತಿಗೆ ಹೊಸ ತೊಲೆಗಳು ನಿಲ್ಲುತ್ತವೆ. 1276ರಿಂದ 1299ರವರೆಗಿನ ಉಂಗುರಗಳು ಮಹಾಬರವೊಂದನ್ನು ತೋರಿಸುತ್ತವೆ.

ಬರ ಬಂತು, ಜನ ಹೋದರು ಎಂದು ಇಲ್ಲಿಗೇ ಮುಗಿಸುವುದು ಸುಲಭ. ನನಗೂ ಬರದ ಕತೆಗಳ ಮೇಲೆ ಮೋಹವಿದೆ. ಆದರೆ ಇದೇ ಜನ ಹನ್ನೆರಡನೆಯ ಶತಮಾನದ ನಡುವೆ ದಶಕಗಟ್ಟಲೆ ಮುಂದುವರಿದ ಬರವೊಂದನ್ನು ಪೂರ್ತಿ ಊರು ಬಿಡದೆಯೇ ದಾಟಿದ್ದರು. 1990ರ ದಶಕದಲ್ಲಿ ಕಾರ್ಲಾ ವ್ಯಾನ್ ವೆಸ್ಟ್ ಎಂಬ ಸಂಶೋಧಕಿ ಆ ಸೀಮೆಯ ಮಣ್ಣು ಮತ್ತು ತೇವವನ್ನು ಲೆಕ್ಕ ಹಾಕಿ, ಮಹಾಬರದ ವರ್ಷಗಳಲ್ಲೂ ಒಂದಷ್ಟು ಜನರಿಗೆ ಸಾಕಾಗುವಷ್ಟು ಜೋಳ ಆ ನೆಲದಲ್ಲಿ ಬೆಳೆಯಬಹುದಿತ್ತೆಂದು ತೋರಿಸಿದರು. ಹಾಗಿದ್ದರೂ ಒಬ್ಬರೂ ಉಳಿಯಲಿಲ್ಲ. ಏಕೆಂದರೆ ಹನ್ನೆರಡನೆಯ ಶತಮಾನದ ಊರೂ ಹದಿಮೂರನೆಯ ಶತಮಾನದ ಊರೂ ಒಂದೇ ಆಗಿರಲಿಲ್ಲ. ಜನ ಹೆಚ್ಚಿದ್ದರು, ಒಬ್ಬರ ಹೊಲ ಒಣಗಿದರೆ ಸರಿದು ಹೋಗಲು ಬೇರೆ ಜಾಗ ಉಳಿದಿರಲಿಲ್ಲ. ಜಿಂಕೆಗಳು ವಿರಳವಾಗಿದ್ದವು. ಮಾಂಸಕ್ಕೆ ಸಾಕಿದ ಟರ್ಕಿ ಕೋಳಿಗಳನ್ನು ನೆಚ್ಚಿದರು. ಆ ಕೋಳಿಗಳು ತಿನ್ನುತ್ತಿದ್ದುದೂ ಜೋಳವನ್ನೇ. ಎಲುಬುಗಳ ರಾಸಾಯನಿಕ ಪರೀಕ್ಷೆಯ ಪ್ರಕಾರ ಅವರ ಆಹಾರದ ಸುಮಾರು ಮುಕ್ಕಾಲು ಪಾಲು ಜೋಳ. ಅಂದರೆ ತಿಂಗಳಹುರುಳಿ, ಕುಂಬಳ, ಕಾಡಿನ ಕಾಯಿಪಲ್ಲೆಗಳೆಲ್ಲ ಸೇರಿ ಉಳಿದ ಕಾಲು ಪಾಲು. ಜೋಳ ಸೋತರೆ ಕೋಳಿಯೂ ಸೋಲುತ್ತದೆ. ಸ್ಯಾಂಡ್ ಕ್ಯಾನ್ಯನ್ ಎಂಬ ನೆರೆಯ ದೊಡ್ಡ ಊರಿನ ಕೊನೆಯ ಅಡುಗೆಗಳ ಕಸದಲ್ಲಿ ಜೋಳ ಮತ್ತು ಟರ್ಕಿ ಕಡಿಮೆಯಾಗಿ ಕಾಡಿನ ಸೊಪ್ಪು, ಬೇಟೆಯ ಪ್ರಾಣಿಗಳ ಎಲುಬು ಹೆಚ್ಚಾಗಿವೆ.

ಆಮೇಲೆ ಹೇಳಲು ಹಿತವಲ್ಲದ ಸಂಗತಿ. 1280ರ ಸುಮಾರಿಗೆ ಕ್ಯಾಸಲ್ ರಾಕ್ ಎಂಬ ಪುಟ್ಟ ಊರಿನಲ್ಲಿ ಹೆಂಗಸರು ಮಕ್ಕಳೆನ್ನದೆ ಹತ್ತಾರು ಜನರನ್ನು ಕೊಂದು ಹಾಕಿದ ಕುರುಹುಗಳು ಸಿಕ್ಕಿವೆ. ನಾವು ಪರಿಸರದವರು ಪ್ರಾಚೀನ ಜನರನ್ನು ನಿಸರ್ಗದೊಡನೆ ಸದಾ ಸಾಮರಸ್ಯದಲ್ಲಿದ್ದ ಮುಗ್ಧರೆಂದು ಚಿತ್ರಿಸುವುದುಂಟು. ಅದು ಅವರಿಗೆ ನಾವು ಮಾಡುವ ಇನ್ನೊಂದು ಬಗೆಯ ಅಗೌರವ. ಅವರೂ ಕಾಡು ಕಡಿದರು, ಕಾಳಿಗಾಗಿ ಹೊಡೆದಾಡಿದರು. ಮತ್ತು ಸಾಕೆನಿಸಿದಾಗ ನಡೆದುಹೋದರು. ದಕ್ಷಿಣಕ್ಕೆ, ಪೂರ್ವಕ್ಕೆ, ಮಳೆ ತುಸು ನಂಬಿಕಸ್ತವಾದ ಕಡೆಗೆ. ಹೊತ್ತುಕೊಂಡು ಹೋಗಲಾಗದ ಬೀಸುವ ಕಲ್ಲು, ಮಡಕೆಗಳನ್ನು ಬಿಟ್ಟರು. ಬೀಜವನ್ನು ಬಿಡಲಿಲ್ಲ. ಬೀಜ ಉಳಿಯದಿದ್ದರೆ 1914ರಲ್ಲಿ ಕಾಲಿನ್ಸ್ ಏನನ್ನು ಅಳೆಯುತ್ತಿದ್ದ?

ಉದ್ಯಾನದ ಕತೆಯನ್ನೂ ಕೇಳಿ. 1888ರ ಡಿಸೆಂಬರಿನಲ್ಲಿ ರಿಚರ್ಡ್ ವೆದರಿಲ್ ಮತ್ತು ಚಾರ್ಲಿ ಮೇಸನ್ ಎಂಬ ದನಗಾಹಿಗಳು ಹಿಮದ ನಡುವೆ ಕ್ಲಿಫ್ ಪ್ಯಾಲೆಸನ್ನು 'ಕಂಡುಹಿಡಿದರು' ಎಂದು ಬರೆಯುತ್ತಾರೆ. ಅಲ್ಲಿ ವಾಸವಾಗಿದ್ದ ಯೂಟ್ ಜನರಿಗೆ ಅದು ಮೊದಲೇ ಗೊತ್ತಿತ್ತು. 1891ರಲ್ಲಿ ಸ್ವೀಡನ್ನಿನ ಗುಸ್ತಾಫ್ ನೋರ್ಡೆನ್‌ಷೋಲ್ಡ್ ಎಂಬ ತರುಣ ಬಂದು ಅಗೆದು, ಅಸ್ಥಿಗಳ ಸಮೇತ ರೈಲಿಗೆ ತುಂಬಿ ಒಯ್ದ. ತಡೆಯುವ ಕಾನೂನೇ ಇರಲಿಲ್ಲ. ಆ ಸಂಗ್ರಹ ಫಿನ್ಲೆಂಡಿನ ವಸ್ತುಸಂಗ್ರಹಾಲಯ ಸೇರಿತು. ಇಪ್ಪತ್ತು ಜನರ ಅವಶೇಷಗಳು ಮರಳಿ ಬಂದು ಮಣ್ಣು ಸೇರಿದ್ದು 2020ರಲ್ಲಿ. ಈ ಲೂಟಿಯ ವಿರುದ್ಧ ವರ್ಜೀನಿಯಾ ಮ್ಯಾಕ್ಲರ್ಗ್, ಲೂಸಿ ಪೀಬಾಡಿ ಮೊದಲಾದ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1906ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಇಲ್ಲಿಯವರೆಗೆ ನಮ್ಮ ಚಪ್ಪಾಳೆಗೆ ಯೋಗ್ಯ. ಆದರೆ ಮುಖ್ಯ ನೆಲೆಗಳು ಉದ್ಯಾನದ ಗಡಿಯ ಹೊರಗೆ, ಯೂಟ್ ಜನರ ನೆಲದಲ್ಲಿದ್ದವು. 1911ರಲ್ಲಿ ಆ ಜನರ ಮೇಲೆ ಒತ್ತಡ ತಂದು ಬದಲಿ ಭೂಮಿಯ ಹೆಸರಿನಲ್ಲಿ ಅದನ್ನು ಪಡೆದುಕೊಳ್ಳಲಾಯಿತು. ಕಾಡನ್ನೋ ಕಲ್ಲನ್ನೋ ಉಳಿಸುವ ಸಲುವಾಗಿ ಅಲ್ಲಿದ್ದವರನ್ನು ಸರಿಸುವ ಕ್ರಮ ಎಷ್ಟು ಹಳೆಯದು ನೋಡಿ. ಕುದುರೆಮುಖದ ಸುತ್ತಿನಿಂದ ಬಂದ ಬಂಧುಗಳು ಈ ಸಭೆಯಲ್ಲಿದ್ದಾರೆ. ನಾನು ಹೆಚ್ಚು ಬೆಳೆಸುವುದಿಲ್ಲ.

ನಡುವೆ ಒಂದು ಲಘುವಾದ ಮಾತು. ಕ್ಲಿಫ್ ಪ್ಯಾಲೆಸಿನಲ್ಲಿ ಗಾರೆ ಬಳಿಯುತ್ತಿದ್ದ ಅದೇ ಹದಿಮೂರನೆಯ ಶತಮಾನದಲ್ಲಿ ನಮ್ಮ ಸೋಮನಾಥಪುರದಲ್ಲಿ ಕೇಶವ ದೇವಾಲಯ ಏಳುತ್ತಿತ್ತು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಒಂದು ವಸ್ತು ಗೋವಿನಜೋಳದ ತೆನೆಯೇ ಎಂದು 1989ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕನ್ ವಿದ್ವಾಂಸರು ಬರೆದು ಕೋಲಾಹಲವೆಬ್ಬಿಸಿದ್ದರು. ನಮ್ಮ ಕೃಷಿ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ, ಜೋಳ, ಕುಂಬಳ, ತಿಂಗಳಹುರುಳಿ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗುಗಳ ಕಾಲದಲ್ಲೇ. ಆದರೆ ಸೋಮನಾಥಪುರಕ್ಕೆ ಹೋದಾಗಲೆಲ್ಲ ಆ ಕಲ್ಲಿನ ತೆನೆಯನ್ನು ಇನ್ನೊಮ್ಮೆ ನೋಡುತ್ತೇನೆ, ಮನಸ್ಸಿಗೆ ನಂಬಿಕೆಯಿಲ್ಲ ಎಂದು ಹೇಳಿಕೊಳ್ಳುತ್ತಲೇ.

ಸಂಜೆ ಮೇಲಿನ ಬಯಲಿನ ಬೆಂಚಿನ ಮೇಲೆ ಆ ತಾಯಿ ಮತ್ತೆ ಸಿಕ್ಕರು. ನನ್ನ ಉದ್ಯೋಗವನ್ನು ಹೇಳಿದೆ. ಮೊಮ್ಮಗನ ಚೀಲದಲ್ಲಿದ್ದ ನೀಲಿ ಜೋಳದ ರೊಟ್ಟಿಯ ತುಂಡು ಕೊಟ್ಟರು. ಧೈರ್ಯ ಮಾಡಿ ಕೇಳಿಬಿಟ್ಟೆ: ನಿಮ್ಮ ಮನೆಯ ಬೀಜ ನಾಲ್ಕು ಕಾಳು ಸಿಗಬಹುದೇ? ನಿಜ ಹೇಳಬೇಕೆಂದರೆ, ವಿದೇಶದ ಬೀಜವನ್ನು ಅನುಮತಿಯಿಲ್ಲದೆ ತರುವಂತಿಲ್ಲ. 2003ರ ಸಸ್ಯ ಸಂಗರೋಧ ಆದೇಶವನ್ನು ಇತರರಿಗೆ ಪಾಠ ಹೇಳಿದವಳು ನಾನು. ಆದರೂ ಬಾಯಿ ಕೇಳಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಹಾಗೆ ಕೊಡುವುದಿಲ್ಲ. ಅದು ನಮ್ಮ ಮನೆಯ ಮಕ್ಕಳ ಹಾಗೆ" ಎಂದರು. ಆಮೇಲೆ, "ನಿಮ್ಮ ಊರಿನಲ್ಲಿ ನಿಮ್ಮವರ ಬೀಜ ಇರುವುದಿಲ್ಲವೇ?" ಎಂದು ಕೇಳಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ತಿಳಿಯುವ ಕುತೂಹಲವಷ್ಟೇ. ನನಗೆ ಉತ್ತರ ಗೊತ್ತಿರಲಿಲ್ಲ.

ಹಿಂದಿರುಗಿದ ಮೇಲೆ ಆ ಹಳ್ಳಿಗೆ ಹೋದೆ. ಆ ಹಿರಿಯ ರೈತರು ತೀರಿಕೊಂಡಿದ್ದರು. ಅವರ ಸೊಸೆ ನನ್ನ ಗುರುತು ಹಿಡಿದರು. ಅಂದಿನ ಬೀಜದ ಸಾಲ ತೀರಲು ಎರಡು ಸುಗ್ಗಿ ಹಿಡಿಯಿತೆಂದು ಚಹಾ ಕೊಡುತ್ತಲೇ ಹೇಳಿದರು. ನಾನು ಕ್ಷಮೆ ಕೇಳಿದೆ. ಅವರಿಗೆ ಸ್ವಲ್ಪ ಮುಜುಗರವಾಯಿತು. ಅನಂತರ ಸುತ್ತಿನ ಊರುಗಳಲ್ಲಿ ಹಿತ್ತಿಲ ಮೂಲೆಗೆಂದು, ಸುಟ್ಟು ತಿನ್ನಲೆಂದು ಬೆಳೆಯುವ ಗಿ‌ಡ್ಡ ತೆನೆಯ ಹಳೆಯ ಜೋಳವನ್ನು ಹುಡುಕುತ್ತ ಹೊರಟೆವು. ಒಲೆಯ ಮೇಲಿನ ಅಟ್ಟದಲ್ಲಿ ಮಸಿ ಹಿಡಿದು ನೇತಾಡುತ್ತಿದ್ದ ತೆನೆಗಳು ನಾಲ್ಕು ಮನೆಗಳಲ್ಲಿ ಸಿಕ್ಕವು. ಅವುಗಳ ಆಳದ ಶಕ್ತಿ ಏನೆಂದು ನನಗೆ ತಿಳಿಯದು. ಗೇಣಾಳದಿಂದ ಒಂದೂ ಹುಟ್ಟದಿರಬಹುದು. ಈ ವರ್ಷ ಆ ಸೊಸೆಯ ಹೊಲದ ಒಂದು ಮೂಲೆಯಲ್ಲಿ ನಾಲ್ಕೂ ಮನೆಯ ಬೀಜಗಳನ್ನು ಐದು, ಹತ್ತು, ಹದಿನೈದು, ಇಪ್ಪತ್ತು ಸೆಂಟಿಮೀಟರ್ ಆಳದಲ್ಲಿ ಬಿತ್ತುತ್ತೇವೆ. ಪಕ್ಕದಲ್ಲಿ ಅಂಗಡಿಯ ಬೀಜದ ಸಾಲೂ ಇರುತ್ತದೆ. ಬಿತ್ತನೆ ಜೂನ್ ಮೊದಲ ವಾರ. ಎಣಿಕೆ ಹದಿನೈದನೆಯ ದಿನ. ಎಣಿಸಲು ಕೈ ಬೇಕು, ಬಳಗದವರು ಬರಬೇಕು. ಜಾಗ ಕೊಡುವಾಗ ಆಕೆ ಒಂದೇ ಷರತ್ತು ಹಾಕಿದ್ದಾರೆ: "ಮೇಡಂ, ಈ ಸಲವೂ ಹುಟ್ಟದೇ ಹೋದರೆ ಮರುಬಿತ್ತನೆಯ ಬೀಜ ನಿಮ್ಮ ಕೈಯಿಂದ." ಒಪ್ಪಿದ್ದೇನೆ.